ಹಳೆಯ ಬುಲೆಟ್ಟಿನ ಸೈಡ್‌ಕಾರ್: ಕೊಳ್ಳುವ ಮೊದಲು ಟೇಪು ಹಿಡಿದು ನೋಡಿದ್ದು

ನಮ್ಮ ತಾಯಿಯವರು ಮೊಣಕಾಲು ನೋವಿನಿಂದಾಗಿ ಬೈಕಿನ ಹಿಂದಿನ ಸೀಟಿನಲ್ಲಿ ಕೂರುವುದನ್ನು ಬಿಟ್ಟು ನಾಲ್ಕು ವರ್ಷಗಳಾದವು. ಆದರೂ ಭಾನುವಾರ ಬೆಳಿಗ್ಗೆ ಬಸವನಗುಡಿಯ ದೊಡ್ಡ ಗಣಪತಿ ದೇವಸ್ಥಾನಕ್ಕೆ ಆಟೋದಲ್ಲಿ ಹೋಗುವುದೆಂದರೆ ಅವರಿಗೆ ಅಷ್ಟಕ್ಕಷ್ಟೇ. ಹೀಗಾಗಿ ವಿಲ್ಸನ್ ಗಾರ್ಡನ್ ಕಡೆಯ ಗ್ಯಾರೇಜೊಂದರಲ್ಲಿ ಸೈಡ್‌ಕಾರ್ (ಬೈಕಿನ ಪಕ್ಕಕ್ಕೆ ಕೂಡಿಸುವ, ಒಂದು ಚಕ್ರವಿರುವ ಕೂರುವ ಗೂಡು) ಜೋಡಿಸಿದ ಹಳೆಯ ಬುಲೆಟ್ 350 ಮಾರಾಟಕ್ಕಿದೆ ಎಂದು ತಿಳಿದಾಗ, ತಾಯಿಯವರನ್ನೂ ನಲವತ್ತು ವರ್ಷಗಳಿಂದ ಬುಲೆಟ್ ಬಿಚ್ಚಿ ಜೋಡಿಸುತ್ತಿರುವ ನಮ್ಮ ಪರಿಚಯದ ಮೇಸ್ತ್ರಿಯವರನ್ನೂ ಕರೆದುಕೊಂಡು ಹೋದೆ. ಆರ್.ಸಿ.ಯ ಪ್ರಕಾರ ಗಾಡಿ 1973ರದು. ಹೇಳಿದ ಬೆಲೆ ಎರಡು ಲಕ್ಷ ಅರವತ್ತು ಸಾವಿರ ರೂಪಾಯಿ.

ಮೊದಲ ನೋಟಕ್ಕೆ ಗಾಡಿ ಮನಸ್ಸು ಕದಿಯುವಂತಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಕಡು ಹಸಿರು ಬಣ್ಣ, ಕೈಯಿಂದ ಎಳೆದ ಚಿನ್ನದ ಗೆರೆಗಳು, ಕಂದು ರೆಕ್ಸಿನ್ನಿನ ಸೀಟು. ಮಾರುವವರು ಕಾಫಿ ತರಿಸಿಕೊಟ್ಟು, ಸೈಡ್‌ಕಾರ್ ಇಂಗ್ಲೆಂಡಿನ ವಾಟ್ಸೋನಿಯನ್ ಕಂಪನಿಯದು ಎಂದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಈ ಕಂಪನಿ 1912ರಿಂದ ಸೈಡ್‌ಕಾರ್‌ಗಳನ್ನು ಮಾಡುತ್ತ ಬಂದದ್ದರಿಂದ, ಆ ಹೆಸರಿದ್ದರೆ ಬೆಲೆ ತಾನಾಗಿಯೇ ಏರುತ್ತದೆ. ಆದರೆ ಕಂಪನಿಯ ಫಲಕವಾಗಲಿ ಅದನ್ನು ಕೂರಿಸಿದ್ದ ರಿವೆಟ್ಟಿನ ತೂತಾಗಲಿ ಎಲ್ಲೂ ಕಾಣಲಿಲ್ಲ. ಮೇಸ್ತ್ರಿಯವರು ಏನೂ ಮಾತನಾಡದೆ ಚೀಲದಿಂದ 17 ಮಿಲಿಮೀಟರಿನ ಸ್ಪ್ಯಾನರ್ ತೆಗೆದು ಚಾಸಿಯ ಬೋಲ್ಟಿಗೆ ಹಾಕಿದರು. ಅದು ಅಳೆದು ಮಾಡಿದಂತೆ ಕೂತಿತು. ಆ ಕಾಲದ ಇಂಗ್ಲಿಷ್ ಸಾಮಾನಿನಲ್ಲಿ ಇಂಚಿನ ಲೆಕ್ಕದ ಬೋಲ್ಟುಗಳು ಇರಬೇಕಿತ್ತು. ಬೋಲ್ಟುಗಳನ್ನು ಯಾರಾದರೂ ಆಮೇಲೆ ಬದಲಿಸಿರಬಹುದು, ಸರಿ; ಆದರೆ ಚಾಸಿಗೇ ಬೆಸೆದ ಬುಷ್ಷುಗಳ (ಬೋಲ್ಟು ಕೂರುವ ಲೋಹದ ಕೊಳವೆಗಳ) ಒಳಗಿನ ಥ್ರೆಡ್ಡೂ ಮಿಲಿಮೀಟರ್ ಲೆಕ್ಕದ್ದೇ ಆಗಿತ್ತು. ಇದು ನಮ್ಮ ದೇಶದಲ್ಲೇ ಯಾವುದೋ ಟಿಂಕರ್ ಅಂಗಡಿಯಲ್ಲಿ ತಯಾರಾದದ್ದು ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಅದರಲ್ಲಿ ಅವಮಾನವೇನೂ ಇಲ್ಲ, ಸ್ಕೂಟರುಗಳ ಕಾಲದಲ್ಲಿ ನಮ್ಮವರು ಗಟ್ಟಿಮುಟ್ಟಾದ ಸೈಡ್‌ಕಾರ್‌ಗಳನ್ನೇ ಮಾಡಿದ್ದಾರೆ. ಇಂಗ್ಲೆಂಡಿನ ಬೆಲೆ ಕೇಳಿದ್ದು ಮಾತ್ರ ಸರಿಯಲ್ಲ.

ಬಾಡಿಯ ತಗಡನ್ನು ಪರೀಕ್ಷಿಸಲು ನಾನು ಒಯ್ದದ್ದು ಮನೆಯ ಫ್ರಿಜ್ಜಿಗೆ ಅಂಟಿಸಿದ್ದ ತಿರುಪತಿಯ ಮ್ಯಾಗ್ನೆಟ್ಟನ್ನು. ಪಕ್ಕಗಳಲ್ಲಿ ಅದು ಟಪ್ಪೆಂದು ಕಚ್ಚಿಕೊಂಡಿತು. ಮೂತಿಯ ಬಳಿ ಇಟ್ಟಾಗ ಮೆಲ್ಲನೆ ಜಾರಿ ನೆಲಕ್ಕೆ ಬಿತ್ತು. ಅಲ್ಲಿ ತಗಡಿಗಿಂತ ಪುಟ್ಟಿಯೇ ಹೆಚ್ಚಾಗಿದೆ ಎಂದು ಅರ್ಥ. ಕಾಲಿಡುವ ಜಾಗದ ಮ್ಯಾಟ್ ಎತ್ತಿದರೆ ಕೆಳಗಿನ ಪ್ಲೈವುಡ್ ಹೊಸದಾಗಿತ್ತು, ಅದರ ಅಡಿಯ ತಗಡಿನ ಅಂಚು ಮಾತ್ರ ತುಕ್ಕು ಹಿಡಿದು ಹಪ್ಪಳದಂತೆ ಏಳುತ್ತಿತ್ತು. ಇವೆಲ್ಲ ಹಣ ಕೊಟ್ಟರೆ ಸರಿಹೋಗುವ ಕೆಲಸಗಳು, ಆದ್ದರಿಂದ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಬೈಕೂ ಸೈಡ್‌ಕಾರೂ ಕೂಡುವ ಜಾಗಗಳ ಬಗ್ಗೆ. ಬುಲೆಟ್ಟಿನ ಚಾಸಿಯಲ್ಲಿ ಮುಂದಿನ ಒಂಟಿ ಪೈಪು ಎಂಜಿನ್ನಿನ ಮುಂಭಾಗಕ್ಕೆ ಬಂದು ನಿಲ್ಲುತ್ತದೆ. ಎಂಜಿನ್ನಿನ ಅಡಿಯಲ್ಲಿ ತೊಟ್ಟಿಲಿನಂತೆ ಹಾಯುವ ಪೈಪುಗಳಿಲ್ಲ, ಎಂಜಿನ್ನೇ ಚಾಸಿಯ ಒಂದು ಭಾಗವಾಗಿ ಭಾರ ಹೊರುತ್ತದೆ. ಆದ್ದರಿಂದ ಸೈಡ್‌ಕಾರ್‌ನ ಕೆಳಗಿನ ಹಿಡಿತಗಳಿಗೆ ಬೇರೆಯದೇ ಚೌಕಟ್ಟು ಕಟ್ಟುವುದು ಒಳ್ಳೆಯ ಪದ್ಧತಿ. ಇಲ್ಲಿ ನಾಲ್ಕು ಹಿಡಿತಗಳಿದ್ದವು, ಅದು ಸರಿಯಾದ ಲೆಕ್ಕವೇ. ಆದರೆ ಮುಂದಿನ ಕೆಳಗಿನ ಕ್ಲಾಂಪನ್ನು ನೇರವಾಗಿ ಆ ಒಂಟಿ ಪೈಪಿಗೇ ಬಿಗಿದಿದ್ದರು. ಬಿಗಿದ ರಭಸಕ್ಕೆ ಪೈಪು ಒಂದು ಕಡೆ ಚಪ್ಪಟೆಯಾಗಿತ್ತು. ಕ್ಲಾಂಪಿನ ಮೇಲಿನ ವೆಲ್ಡಿಂಗ್ ಗುಬ್ಬಿ ಹಿಕ್ಕೆ ಹಾಕಿದ ಹಾಗೆ ಬಿಡಿಬಿಡಿಯಾಗಿತ್ತು. ಸೈಡ್‌ಕಾರ್‌ನ ಚಕ್ರವನ್ನು ಹಿಡಿದು ಅಲ್ಲಾಡಿಸಿದಾಗ ಮೇಸ್ತ್ರಿಯವರು ಆ ಕ್ಲಾಂಪಿನ ಮೇಲೆ ಬೆರಳಿಟ್ಟುಕೊಂಡಿದ್ದು, "ಇಲ್ನೋಡಿ ಸಾರ್, ಉಸಿರಾಡ್ತಾ ಇದೆ" ಎಂದರು.

ಆಮೇಲೆ ಅಳತೆ. ಎಂಟಡಿಯ ಎರಡು ಅಲ್ಯೂಮಿನಿಯಂ ಚಾನೆಲ್ಲುಗಳನ್ನು ನೆಲದಲ್ಲಿಟ್ಟು, ಒಂದನ್ನು ಬೈಕಿನ ಎರಡೂ ಚಕ್ರಗಳಿಗೆ ತಾಗುವಂತೆ, ಇನ್ನೊಂದನ್ನು ಸೈಡ್‌ಕಾರ್‌ನ ಚಕ್ರಕ್ಕೆ ತಾಗುವಂತೆ ಹಿಡಿದು, ಅವುಗಳ ನಡುವಿನ ಅಂತರವನ್ನು ಮುಂದೆಯೂ ಹಿಂದೆಯೂ ಟೇಪಿನಿಂದ ಅಳೆಯಬೇಕು. ಮುಂದಿನ ಅಂತರ ಸ್ವಲ್ಪ ಕಡಿಮೆ ಇರಬೇಕು, ಏಕೆಂದರೆ ಸೈಡ್‌ಕಾರ್ ಗಾಡಿಯನ್ನು ಸದಾ ತನ್ನ ಕಡೆಗೆ, ಎಂದರೆ ನಮ್ಮಲ್ಲಿ ಎಡಕ್ಕೆ, ಎಳೆಯುತ್ತಿರುತ್ತದೆ. ಆ ಎಳೆತವನ್ನು ಸರಿದೂಗಿಸಲು ಅದರ ಚಕ್ರ ಕೊಂಚ ಒಳಮುಖವಾಗಿರಬೇಕು. ಸಾಮಾನ್ಯವಾಗಿ 15ರಿಂದ 20 ಮಿಲಿಮೀಟರ್ ಸಾಕು. ಇಲ್ಲಿ 42 ಇತ್ತು. ಸೈಡ್‌ಕಾರ್‌ನ ಟೈರು ಒಂದೇ ಅಂಚಿನಲ್ಲಿ ಗರಗಸದ ಹಲ್ಲಿನಂತೆ ಸವೆದದ್ದು ಏಕೆಂದು ಆಗ ತಿಳಿಯಿತು.

ಇಷ್ಟೊಂದು ಏಕೆ ತಿರುಗಿಸಿದರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತಾಯಿಯವರು ಒಳಗೆ ಕೂತ ಮೇಲೆ. ಖಾಲಿ ಇರುವಾಗ ಬೈಕು ಒಂದು ಡಿಗ್ರಿಯಷ್ಟು ಬಲಕ್ಕೆ, ಎಂದರೆ ಸೈಡ್‌ಕಾರ್‌ನಿಂದ ಆಚೆಗೆ, ವಾಲಿರುವುದು ಒಳ್ಳೆಯದು. ಆಗ ಜನ ಕೂತರೂ ಅದು ನೆಟ್ಟಗೆ ನಿಲ್ಲುತ್ತದೆ. ಈ ಗಾಡಿ ಖಾಲಿ ಇದ್ದಾಗಲೇ ನೆಟ್ಟಗಿತ್ತು, ಐವತ್ತೆಂಟು ಕಿಲೋ ತೂಕದ ತಾಯಿಯವರು ಕೂತ ಕೂಡಲೇ ತೂಗುಗುಂಡಿನ ದಾರಕ್ಕೆ ಹೋಲಿಸಿದರೆ ಎಡಕ್ಕೆ ಬಾಗಿರುವುದು ಕಣ್ಣಿಗೇ ಕಾಣುತ್ತಿತ್ತು. ಅಂಥ ಗಾಡಿ ರಸ್ತೆಯಲ್ಲಿ ಎಡಕ್ಕೇ ಎಳೆಯುತ್ತದೆ. ಅದನ್ನು ಸರಿಪಡಿಸುವ ಬದಲು ಯಾರೋ ಚಕ್ರವನ್ನು ಅತಿಯಾಗಿ ಒಳಮುಖ ಮಾಡಿ, ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಿದ್ದಾರೆ. ಹೀಗೆ ಮಾಡಿದ ಗಾಡಿ ಹತ್ತು ನಿಮಿಷದ ಓಡಾಟದಲ್ಲಿ ನೇರವಾಗಿಯೇ ಹೋಗುತ್ತದೆ ಎನ್ನುವುದೇ ಇದರಲ್ಲಿರುವ ಮೋಸ.

ಓಡಿಸಿ ನೋಡಲು ಮಾರುವವರು ತಕರಾರು ಮಾಡಲಿಲ್ಲ, ಅದನ್ನು ಮೆಚ್ಚಲೇಬೇಕು. ತಾಯಿಯವರನ್ನು ಇಳಿಸಿ, 25 ಕಿಲೋ ಅಕ್ಕಿ ಮೂಟೆಯೊಂದನ್ನು ಇಟ್ಟುಕೊಂಡು ಹೊರಟೆ. ಸೈಡ್‌ಕಾರ್ ಎಡಕ್ಕಿರುವುದರಿಂದ ಎಡ ತಿರುವಿನಲ್ಲಿ ಅದರ ಚಕ್ರ ನೆಲ ಬಿಡಲು ನೋಡುತ್ತದೆ. ಬಲ ತಿರುವಿನಲ್ಲಿ ಭಾರವೆಲ್ಲ ಅದರ ಸ್ಪೋಕುಗಳ ಮೇಲೆ ಬೀಳುತ್ತದೆ. ಬೈಕಿನಂತೆ ವಾಲದ ಕಾರಣ ಈ ಅಡ್ಡಭಾರವನ್ನು ಚಕ್ರ ಪೂರ್ತಿಯಾಗಿ ತಡೆದುಕೊಳ್ಳಬೇಕು, ಹಾಗಾಗಿ ಸ್ಪೋಕುಗಳನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳುವುದು ಅಗತ್ಯ. ಇಲ್ಲಿ ಮೂರು ಮಂಕಾಗಿ ನುಡಿದವು, ಎಂದರೆ ಸಡಿಲವಾಗಿದ್ದವು. ವೇಗ ಇಳಿದು 30 ಕಿ.ಮೀ. ಹತ್ತಿರ ಬಂದಾಗ ಹ್ಯಾಂಡಲ್ ಗಡಗಡ ನಡುಗಿತು. ಸೈಡ್‌ಕಾರ್ ಜೋಡಿಸಿದ ಗಾಡಿಗಳಲ್ಲಿ ಇದು ಅಪರೂಪವೇನಲ್ಲ, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬಿಗಿ ಮಾಡಿ, ನಡುಕ ತಡೆಯುವ ಸ್ಟಿಯರಿಂಗ್ ಡ್ಯಾಂಪರ್ ಹಾಕಿದರೆ ಕಡಿಮೆಯಾಗುತ್ತದೆ. ಎಂಜಿನ್ ಸ್ಪ್ರಾಕೆಟ್ (ಚೈನು ಎಳೆಯುವ ಹಲ್ಲುಚಕ್ರ) ಬದಲಿಸದೆ ಒಂಟಿ ಬೈಕಿನದನ್ನೇ ಉಳಿಸಿಕೊಂಡಿದ್ದರಿಂದ, ಸುಮಾರು 18 ಅಶ್ವಶಕ್ತಿಯ ಎಂಜಿನ್ ಲಾಲ್‌ಬಾಗ್ ಕಡೆಯ ಸಣ್ಣ ಏರಿನಲ್ಲೇ ಏದುಸಿರು ಬಿಟ್ಟು, ಕ್ಲಚ್ಚಿನ ವಾಸನೆ ಮೂಗಿಗೆ ಬಡಿಯಿತು. ಬೆಂಗಳೂರಿನ ಗುಂಡಿಗಳ ವಿಷಯ ಹೇಳುವುದೇ ಬೇಡ: ಬೈಕಿನ ಚಕ್ರಗಳು ಒಂದು ಸಾಲಿನಲ್ಲಿ, ಸೈಡ್‌ಕಾರ್‌ನ ಚಕ್ರ ಇನ್ನೊಂದು ಸಾಲಿನಲ್ಲಿ ಓಡುವುದರಿಂದ ಒಂದನ್ನು ತಪ್ಪಿಸಿದರೆ ಇನ್ನೊಂದು ಬಿದ್ದೇ ಬೀಳುತ್ತದೆ.

ಗ್ಯಾರೇಜಿನ ಮೂಲೆಯಲ್ಲಿ ಯೆಜ್ಡಿ ಬೈಕೊಂದು ನಿಂತಿತ್ತು. ಬುಲೆಟ್ ಬೇಡವಾದರೆ ಇದೇ ಸೈಡ್‌ಕಾರನ್ನು ಅದಕ್ಕೆ ಜೋಡಿಸಿಕೊಡುವುದಾಗಿ ಹೇಳಿದರು. ಹಳೆಯ ಬುಲೆಟ್ಟಿಗೆ ಗೇರು, ಕಿಕ್ಕರ್ ಎರಡೂ ಬಲಕ್ಕಿವೆ. ನಮ್ಮ ಮೈಸೂರಿನ ಯೆಜ್ಡಿಯಲ್ಲಿ ಎರಡೂ ಕೆಲಸಕ್ಕೆ ಒಂದೇ ಲಿವರ್, ಅದೂ ಎಡಕ್ಕೆ. ದಿನಾ ಬೆಳಿಗ್ಗೆ ಸೈಡ್‌ಕಾರ್‌ನ ಸಂದಿಯಲ್ಲಿ ಕಾಲು ತೂರಿಸಿ ಕಿಕ್ ಹೊಡೆಯುವ ವಯಸ್ಸು ನನ್ನದಲ್ಲ.

ಕಾಗದಪತ್ರಗಳಲ್ಲಿ ದೊಡ್ಡ ಕೊರತೆಯಿದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರ್ ಸೈಕಲ್ ಎಂಬುದರ ವ್ಯಾಖ್ಯೆಯೇ ಬಿಚ್ಚಿ ತೆಗೆಯಬಹುದಾದ ಸೈಡ್‌ಕಾರನ್ನು ಒಳಗೊಂಡಿದೆ, ವಿಮೆಯ ಪಾಲಿಸಿಯಲ್ಲಿ ಇಂದಿಗೂ ಸೈಡ್‌ಕಾರ್‌ಗೆಂದು ಬೇರೆ ಕಾಲಂ ಇರುತ್ತದೆ. ಆದರೆ ಈ ಗಾಡಿಯ ಆರ್.ಸಿ.ಯಲ್ಲಿ ಅದರ ಉಲ್ಲೇಖವಿಲ್ಲ, ಪಾಲಿಸಿಯ ಆ ಕಾಲಂ ಖಾಲಿ. 2021ರ ನಿಯಮದಡಿ ವಿಂಟೇಜ್ (ಹಳೆಯ ಕಾಲದ ವಾಹನ) ನೋಂದಣಿ ಮಾಡಿಸಬಹುದಲ್ಲ ಎಂದು ಮಾರುವವರು ಹೇಳಿದರು. ಐವತ್ತು ವರ್ಷ ದಾಟಿದ್ದರಷ್ಟೇ ಅದಕ್ಕೆ ಸಾಲದು, ಗಾಡಿ ಮೂಲ ರೂಪದಲ್ಲಿರಬೇಕು. ಮೇಲಾಗಿ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು. ವಾರವಾರ ದೇವಸ್ಥಾನಕ್ಕೆ ಹೋಗುವುದು ಆ ಪಟ್ಟಿಯಲ್ಲಿಲ್ಲ.

ಇಷ್ಟರ ಮೇಲೆ ನನ್ನ ತೀರ್ಮಾನ ಹೀಗಿದೆ: ಬೈಕಿನ ಎಂಜಿನ್ ಚೆನ್ನಾಗಿದೆ, ಬಣ್ಣದ ಕೆಲಸ ಅಚ್ಚುಕಟ್ಟಾಗಿದೆ, ಮಾರುವವರು ಅಳೆಯಲು ಬಿಟ್ಟರು, ಜೋಡಣೆ ಮಾತ್ರ ಅಪಾಯಕಾರಿ. ಮುಂದಿನ ಪೈಪು ಬದಲಿಸಿ, ಕೆಳಚೌಕಟ್ಟು ಕಟ್ಟಿಸಿ, ಆರ್.ಸಿ.ಯಲ್ಲಿ ಸೈಡ್‌ಕಾರ್ ಬರೆಸಿಕೊಟ್ಟರೆ ಒಂದು ಲಕ್ಷ ಎಪ್ಪತ್ತು ಸಾವಿರ ಕೊಡುತ್ತೇನೆಂದು ಹೇಳಿ ಬಂದಿದ್ದೇನೆ. ಆಯುಧಪೂಜೆ ಕಳೆದ ಮೇಲೆ ತಿಳಿಸುತ್ತೇವೆ ಎಂದಿದ್ದಾರೆ. ತಾಯಿಯವರ ಷರತ್ತು ಬೇರೆಯೇ ಇದೆ. ಹತ್ತುವಾಗ ಸ್ಟೂಲ್ ಬೇಕಾಯಿತು, ಇಳಿಯುವಾಗ ನಾವಿಬ್ಬರೂ ಕೈ ಹಿಡಿಯಬೇಕಾಯಿತು. ಪಕ್ಕಕ್ಕೊಂದು ಬಾಗಿಲು ಮಾಡಿಸದಿದ್ದರೆ ತಾವು ಆಟೋದಲ್ಲೇ ಬರುವುದಾಗಿ ಅವರು ಗ್ಯಾರೇಜಿನವರ ಎದುರಿಗೇ ಹೇಳಿದರು.