ಪ್ರಾಗ್‌ನ ಯಹೂದಿ ಕೇರಿಗೆ ಶನಿವಾರ ಮಾತ್ರ ಹೋಗಬೇಡಿ

ಮ್ಯೂನಿಕ್‌ನಲ್ಲಿರುವ ನಮ್ಮಂಥವರಿಗೆ ಪ್ರಾಗ್ ಅಂದರೆ ವೀಕೆಂಡ್ ಟ್ರಿಪ್. ಶುಕ್ರವಾರ ಸಂಜೆ ಬಸ್ ಹತ್ತೋದು, ಶನಿವಾರ ಸುತ್ತೋದು, ಭಾನುವಾರ ವಾಪಸ್. ಊರಿಂದ ಬಂದಿದ್ದ ಅಪ್ಪ-ಅಮ್ಮನನ್ನು ಕರೆದುಕೊಂಡು ನಾನೂ ಹಾಗೇ ಹೊರಟೆ. ಅಪ್ಪ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು. ಅವರಿಗೆ ಸೇತುವೆ, ಕೋಟೆ ಯಾವುದೂ ಬೇಡ, ಯೋಸೆಫೊವ್‌ ಅನ್ನೋ ಯಹೂದಿ ಕೇರಿಯ ಹಳೇ ಸ್ಮಶಾನ ನೋಡಬೇಕಿತ್ತು.

ಆನ್‌ಲೈನ್‌ನಲ್ಲಿ ಒಂದು ವಾಕಿಂಗ್ ಟೂರ್ ಸಿಕ್ಕಿತು. ತಲೆಗೆ 35 ಯೂರೊ, ಎರಡೂವರೆ ಗಂಟೆ. ಜಾಹೀರಾತಿನಲ್ಲಿ ದೊಡ್ಡದಾಗಿ ಅದೇ ಸ್ಮಶಾನದ ಫೋಟೊ. ಶನಿವಾರ ಬೆಳಗ್ಗೆ ಹತ್ತಕ್ಕೆ ಜಾಗ ಇತ್ತು, ದುಡ್ಡು ಕಟ್ಟಿದೆ. ಶನಿವಾರ ಯಹೂದಿಗಳ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ ಅನ್ನೋದು ತಲೆಗೇ ಹೊಳೆಯಲಿಲ್ಲ.

ಆ ದಿನ ಯಹೂದಿ ಮ್ಯೂಸಿಯಂನ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆಲ್ಲ ಬೀಗ, ಸ್ಮಶಾನಕ್ಕೂ ಬೀಗ. ಹದಿಮೂರನೇ ಶತಮಾನದ ಹಳೆ-ಹೊಸ ಸಿನಗಾಗ್‌ನಲ್ಲಿ ಪ್ರಾರ್ಥನೆ ನಡೆಯುತ್ತೆ, ಪ್ರವಾಸಿಗರಿಗೆ ಪ್ರವೇಶವಿಲ್ಲ. ನಮ್ಮ ಗೈಡ್ ಛತ್ರಿ ಎತ್ತಿ ಹಿಡಿದು ಪ್ರತಿ ಬಾಗಿಲ ಮುಂದೆಯೂ ಹತ್ತು ನಿಮಿಷ ಮಾತಾಡಿದ. ಸ್ಮಶಾನದ ಪಾಲಿಗೆ ನಮಗೆ ದಕ್ಕಿದ್ದು ಎತ್ತರದ ಗೋಡೆ, ಅದರಾಚೆ ಮರದ ತುದಿ. ಅಪ್ಪ ನನ್ನ ಕಿವಿಯಲ್ಲಿ, "ಬಾಗಿಲು ಹಾಕಿದ ಗುಡಿಗೆ ಪ್ರದಕ್ಷಿಣೆ ಹಾಕಿಸ್ತಿದಾನಲ್ಲೋ ಇವನು" ಅಂದರು. ಅಮ್ಮ ಆಗಲೇ ಮಂಡಿ ಹಿಡಿದುಕೊಂಡು ಕೂತಿದ್ದರು.

ಬೇರೆ ಊರಲ್ಲಾದರೆ ಒಳಗೆ ಬಿಡದಿದ್ದರೂ ಬೀದಿಯನ್ನಾದರೂ ನೋಡಬಹುದು. ಇಲ್ಲಿ ಅದೂ ಇಲ್ಲ. 1893ರಿಂದ ಶುರುವಾದ ನಗರ ಸುಧಾರಣೆಯಲ್ಲಿ ಹಳೇ ಕೇರಿಯನ್ನು ಬಹುಪಾಲು ಕೆಡವಿಹಾಕಿದರು. ಉಳಿದಿದ್ದು ಕೆಲವು ಸಿನಗಾಗ್, ಪುರಭವನ, ಸ್ಮಶಾನ. ನಡುವೆ ಹಾದುಹೋಗುವ ಪರ್ಝೀಷ್ಸ್ಕಾ ಬೀದಿಯಲ್ಲಿ ಈಗ ಲಕ್ಷಗಟ್ಟಲೆ ಬೆಲೆಯ ಕೈಚೀಲದ ಅಂಗಡಿಗಳು. ಹೊರಗಿನಿಂದ ನೋಡುವಂಥದ್ದು ಅಂತ ಸಿಕ್ಕಿದ್ದು ಪುರಭವನದ ಗಡಿಯಾರ: ಹೀಬ್ರೂ ಅಕ್ಷರಗಳೇ ಅಂಕಿ, ಮುಳ್ಳು ಹಿಂದಕ್ಕೆ ತಿರುಗುತ್ತೆ. ಅಮ್ಮ ಅದನ್ನು ವಿಡಿಯೊ ಮಾಡಿಕೊಂಡರು.

ಹಿಟ್ಲರ್ ಇಲ್ಲಿ 'ನಿರ್ನಾಮವಾದ ಜನಾಂಗದ ಮ್ಯೂಸಿಯಂ' ಮಾಡಲು ಹೊರಟಿದ್ದ ಅಂತ ಗೈಡ್ ಬಹಳ ನಾಟಕೀಯವಾಗಿ ಹೇಳಿದ. ಅಪ್ಪ ರಾತ್ರಿ ಹೋಟೆಲ್‌ನಲ್ಲಿ ಕೂತು ಓದಿದರು. ನಾಜಿಗಳ ಕಾಲದಲ್ಲಿ ಈಗಿನ ಚೆಕ್ ದೇಶದ ಬೊಹೆಮಿಯಾ, ಮೊರಾವಿಯಾ ಪ್ರಾಂತ್ಯಗಳ ಸಿನಗಾಗ್‌ಗಳ ವಸ್ತುಗಳನ್ನೆಲ್ಲ ಪ್ರಾಗ್‌ಗೆ ತಂದು ಪೇರಿಸಿದ್ದು ನಿಜ, ಆ ಹೆಸರಿನ ಯೋಜನೆಗೆ ಮಾತ್ರ ಇತಿಹಾಸಕಾರರಿಗೆ ದಾಖಲೆ ಸಿಕ್ಕಿಲ್ಲ.

ಭಾನುವಾರ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಂತೆವು. ಹನ್ನೆರಡಕ್ಕೆ ಬಸ್. ಪಿಂಕಾಸ್ ಸಿನಗಾಗ್‌ನ ಗೋಡೆಗಳ ತುಂಬ ಹತ್ತಿರ ಹತ್ತಿರ 80,000 ಹೆಸರು, ನಾಜಿಗಳ ಕೈಯಲ್ಲಿ ಸತ್ತ ಯಹೂದಿಗಳದು. ಮನೆತನದ ಹೆಸರು ಕೆಂಪು, ಉಳಿದದ್ದು ಕಪ್ಪು, ಅಕ್ಷರ ಸಣ್ಣ. ಅಪ್ಪ ಕನ್ನಡಕ ಹಣೆಗೇರಿಸಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಒಂದೊಂದೇ ಓದತೊಡಗಿದರು. ಮಹಡಿಯಲ್ಲಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜೀನ್ ಘೆಟ್ಟೊದ ಮಕ್ಕಳು ಬರೆದ ಚಿತ್ರಗಳಿವೆ, ಅಮ್ಮ ಅಲ್ಲಿಂದ ಕದಲಲಿಲ್ಲ. ಸ್ಮಶಾನಕ್ಕೆ ಉಳಿದದ್ದು ಇಪ್ಪತ್ತು ನಿಮಿಷ. 1439ರಿಂದ 1787ರವರೆಗೆ ಹೂತ ಜಾಗ ಅದು. ಜಾಗ ಸಾಲದೆ ಮಣ್ಣು ಸುರಿದು ಸುರಿದು ಒಬ್ಬರ ಮೇಲೊಬ್ಬರನ್ನು ಹೂತಿದ್ದಾರೆ, ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಸ್ಪ್ಯಾನಿಶ್ ಸಿನಗಾಗ್ ನೋಡಲಾಗಲೇ ಇಲ್ಲ.

ಹೋಗುವವರು ಯಹೂದಿ ಹಬ್ಬಗಳನ್ನೂ ನೋಡಿಕೊಳ್ಳಿ. ರೋಶ್ ಹಶಾನಾ, ಯೋಮ್ ಕಿಪ್ಪುರ್ ಇತ್ಯಾದಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬರುತ್ತವೆ, ನಮ್ಮ ಯುಗಾದಿಯ ಹಾಗೆ ತಾರೀಖು ವರ್ಷ ವರ್ಷ ಬದಲಾಗುತ್ತೆ, ಆಗಲೂ ಬೀಗವೇ. ಹಳೆ-ಹೊಸ ಸಿನಗಾಗ್ ಮ್ಯೂಸಿಯಂಗೆ ಸೇರಿದ್ದಲ್ಲ, ನಿಮ್ಮ ಟಿಕೆಟ್‌ನಲ್ಲಿ ಅದೂ ಸೇರಿದೆಯೇ ಅಂತ ಕೇಳಿ ತಗೊಳ್ಳಿ. ಶುಕ್ರವಾರ ಬೇಗ ಮುಚ್ಚುತ್ತೆ. ಗಂಡಸರು ಒಂದು ಟೋಪಿ ಇಟ್ಟುಕೊಳ್ಳಿ. ಟೂರ್ ಬುಕ್ ಮಾಡುವ ಮುಂಚೆ 'ಒಳಗೆ ಹೋಗ್ತೀವಾ?' ಅಂತ ಬರಹದಲ್ಲಿ ಕೇಳಿ.

ದುಡ್ಡು ವಾಪಸ್ ಕೇಳಿ ಮೂರು ಮೇಲ್ ಕಳಿಸಿದೆ. ಮೂರನೆಯದಕ್ಕೆ ಉತ್ತರ ಬಂತು: ನೀವು ಬುಕ್ ಮಾಡಿದ್ದು ನಡಿಗೆ, ನಡಿಗೆ ಪೂರ್ತಿ ನಡೆದಿದೆ.