ಬಾಣಂತನಕ್ಕೆ ಹೊರಟವಳ ಫ್ರೆಂಚ್ ತರಗತಿ

ಮಗಳ ಬಾಣಂತನಕ್ಕೆ ಫ್ರಾನ್ಸಿನ ಲಿಯೋನ್‌ಗೆ ಹೋಗಬೇಕಿತ್ತು. 12 ವಾರಗಳ ಆನ್‌ಲೈನ್ ಫ್ರೆಂಚ್ ತರಗತಿಗೆ 6,500 ರೂಪಾಯಿ ಕಟ್ಟಿದೆ. ಶಿವಮೊಗ್ಗದಲ್ಲಿ ಮೂವತ್ತು ವರ್ಷ ಕನ್ನಡ ವ್ಯಾಕರಣ ಹೇಳಿಕೊಟ್ಟವಳು ನಾನು. ತಪ್ಪು ಹುಡುಕುವ ಚಟ ಇನ್ನೂ ಬಿಟ್ಟಿಲ್ಲ.

ದುಡ್ಡು ಸಾರ್ಥಕವಾದದ್ದು ಒಂಬತ್ತನೆಯ ವಾರ. ಕ್ರಿಯಾರೂಪಗಳ ಕೋಷ್ಟಕ ಬಾಯಿಪಾಠವಾಗದೆ ಕಂಗಾಲಾಗಿದ್ದಾಗ ಮೇಷ್ಟ್ರು ‘ಜ ನ ಸೆ ಪಾ ಕ್ವಾ ಫೇರ್’ ಎಂದು ಬರೆದರು. ಏನು ಮಾಡುವುದೋ ಗೊತ್ತಿಲ್ಲ ಎಂದರ್ಥ. ಪ್ರಶ್ನೆಯ ಪದ, ಅದರ ಬೆನ್ನಿಗೇ ಕ್ರಿಯಾಪದದ ಮೂಲರೂಪ, ಅಷ್ಟೇ. ನಮ್ಮ ‘ಮಾಡುವುದು’ ಇದ್ದಂತೆಯೇ! ಮಾಡುವವರು ಯಾರೆಂದು ಬೇರೆ ಹೇಳಬೇಕಿಲ್ಲ, ಕಾಲದ ಗೊಡವೆಯೂ ಇಲ್ಲ. ಎಲ್ಲಿಗೆ ಹೋಗುವುದೋ ಎನ್ನಲು ‘ಊ ಆಲೇ’, ಹೇಗೆ ಹೇಳುವುದೋ ಎನ್ನಲು ‘ಕೊಮಾಂ ದೀರ್’. ಹುಮ್ಮಸ್ಸಿನಲ್ಲಿ ‘ಹೊರಡುವುದೋ ಬೇಡವೋ’ ಎನ್ನಲು ‘ಸಿ ಪಾರ್ತಿರ್’ ಎಂದುಬಿಟ್ಟೆ. ಮೇಷ್ಟ್ರು ತಡೆದರು. ‘ಸಿ’ ಆದಮೇಲೆ ಮೂಲರೂಪ ಬರುವಂತಿಲ್ಲ. ‘ಸಿ ಜ ದ್ವಾ ಪಾರ್ತಿರ್’, ನಾನು ಹೊರಡಬೇಕೇ ಎಂದು, ಕರ್ತೃವನ್ನು ಕರೆದು ತರಲೇಬೇಕು. ನಮ್ಮ ಭಾಷೆಗಿರುವ ಸಲಿಗೆ ಅಲ್ಲಿ ಇಲ್ಲ.

ಮೇಷ್ಟ್ರಿಗೆ ಪೂರ್ತಿ ಅಂಕ. ತರಗತಿಯ ಜೊತೆ ಬಂದ ಆ್ಯಪ್‌ಗೆ ಕೊಡಲಾರೆ. ‘ಜ ನ ಸೆ ಕ ಫೇರ್’ ಎಂದು ಬರೆದರೆ ಕೆಂಪು ಗೆರೆ ಎಳೆಯಿತು. ‘ಪಾ’ ಬಿಟ್ಟ ಆ ರೂಪ ಸಾಹಿತ್ಯದ ಫ್ರೆಂಚಿನಲ್ಲಿ ಸರಿಯೇ. ಎರಡು ಸಲ ಪತ್ರ ಬರೆದೆ, ಗೆರೆ ಇವತ್ತಿಗೂ ಇದೆ.

ಪದಪಟ್ಟಿಯಂತೂ ಪ್ರವಾಸಿಗಳಿಗೆಂದೇ ಮಾಡಿದ್ದು. ವೈನ್, ಚೀಸ್‌ಗಳಿಗೆ ಎರಡು ಪುಟ. ಜ್ವರ, ಡೈಪರ್, ಹಾಲಿನ ಬಾಟಲಿ ಒಂದೂ ಇಲ್ಲ. ‘ಫ್ಯೇವ್ರ್’, ‘ಕೂಶ್’, ‘ಬಿಬ್ರೋಂ’ ಎಂಬ ಮೂರು ಪದಗಳನ್ನು ಹಸಿರು ಶಿಲುಬೆಯ ಔಷಧಿ ಅಂಗಡಿಯಲ್ಲಿ, ಕೈಸನ್ನೆ ಮಾಡಿ ಕಲಿತೆ. ‘ಲಿಬ್ರೇರಿ’ ಎಂದರೆ ಗ್ರಂಥಾಲಯವಲ್ಲ, ಪುಸ್ತಕದಂಗಡಿ ಎಂಬುದನ್ನೂ ಅಲ್ಲಿ ಹೋಗಿಯೇ ತಿಳಿದೆ. ಎರವಲು ಕೇಳಿ ನಗೆಪಾಟಲಾದೆ.

ಕೇಳಿಸಿಕೊಳ್ಳುವ ಅಭ್ಯಾಸ ವಾರಕ್ಕೆ ಹತ್ತೇ ನಿಮಿಷ. ಇದು ದೊಡ್ಡ ಕೊರತೆ. ಲಿಯೋನ್‌ನ ಪಾರ್ ದಿಯು ರೈಲು ನಿಲ್ದಾಣದಲ್ಲಿ ಯಾವ ದ್ವಾರದಿಂದ ಹೊರಬೀಳುವುದೋ ತಿಳಿಯದೆ ನಿಂತಾಗ ‘ಜ ನ ಸೆ ಪಾ ಕೆಲ್ ಸೊರ್ತಿ ಪ್ರಾಂದ್ರ್’ ಎಂದು ಒಬ್ಬ ಹೆಂಗಸಿಗೆ ತಡವರಿಸದೆ ಹೇಳಿದೆ. ಆ ಹೆಂಗಸು ನನಗೆ ಫ್ರೆಂಚ್ ಚೆನ್ನಾಗಿ ಬರುತ್ತದೆಂದು ತಿಳಿದು ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟಳು. ಒಂದಕ್ಷರವೂ ಹಿಡಿಯಲಾಗಲಿಲ್ಲ. ‘ಮೆರ್ಸಿ’ ಎಂದು, ಅವಳ ಬೆರಳು ಹೋದ ಕಡೆ ನಡೆದೆ.