ದೇರಾದ ಪಾಕಿಸ್ತಾನಿ ಹೋಟೆಲ್: ಬಿರಿಯಾನಿ ಬಿಡಿ, ಕಡಾಯಿ ಹೇಳಿ

ದುಬೈನಲ್ಲಿರುವ ಮಕ್ಕಳನ್ನು ನೋಡಲು ಹೋಗುವ ದಾವಣಗೆರೆಯವರು ಈಗ ಜಾಸ್ತಿ ಆಗಿದ್ದಾರೆ. ಹಗಲೆಲ್ಲ ಬುರ್ಜ್ ಖಲೀಫಾ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ರಾತ್ರಿ ಉಡುಪಿ ಹೋಟೆಲ್ ಹುಡುಕಿ ಹೋಗಿ, ಮಸಾಲೆ ದೋಸೆ ತಿಂದು, ನಮ್ಮ ಬೆಣ್ಣೆ ದೋಸೆ ಮುಂದೆ ಇದೇನೂ ಅಲ್ಲ ಅಂತ ಬೈದುಕೊಂಡು ಬರುತ್ತಾರೆ. ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಹೋಗಬೇಕು? ಅಷ್ಟು ದೂರ ಹೋದ ಮೇಲೆ ಊರಲ್ಲಿ ಸಿಗದ್ದನ್ನು ತಿನ್ನಬೇಕು. ನನ್ನನ್ನು ಕೇಳಿದರೆ ಪಾಕಿಸ್ತಾನಿ ಹೋಟೆಲ್‌ಗೆ ಹೋಗಿ ಎನ್ನುತ್ತೇನೆ. ಹೆಸರು ಕೇಳಿ ಮುಖ ಗಂಟು ಹಾಕಿಕೊಳ್ಳುವವರು ಇಲ್ಲಿಗೇ ನಿಲ್ಲಿಸಬಹುದು. ನಾನು ಬರೆಯುತ್ತಿರುವುದು ಊಟದ ವಿಷಯ ಅಷ್ಟೆ.

ನಾನು ಬಾಡೂಟದ ಅಡುಗೆ ಕಾಂಟ್ರಾಕ್ಟ್ ಹಿಡಿಯುವವನು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತು ಅಂದರೆ ನಮ್ಮ ಹಂಡೆ ಒಲೆಯಿಂದ ಇಳಿಯುವುದೇ ಇಲ್ಲ. ಹಾಗಾಗಿ ಯಾವ ಹೋಟೆಲ್‌ಗೆ ಹೋದರೂ ನನ್ನ ಕಣ್ಣು ಮೊದಲು ಅಡುಗೆಮನೆ ಕಡೆ ಹೋಗುತ್ತದೆ. ಊರಿನ ಹೋಟೆಲ್ ಮೆನುಗಳಲ್ಲಿ ‘ಪೇಶಾವರಿ’, ‘ಲಾಹೋರಿ’ ಅಂತ ಬರೆದಿರುತ್ತಾರೆ ನೋಡಿ, ಅದರಲ್ಲಿ ಯಾವುದನ್ನು ಹೇಳಿದರೂ ಬರುವುದು ಅದೇ ಕೆಂಪು ಗ್ರೇವಿ, ಮೇಲೆ ಕ್ರೀಮು. ನಿಜವಾದದ್ದು ಹೇಗಿರುತ್ತದೆ ಅಂತ ನೋಡುವ ಆಸೆ ಮೊದಲಿನಿಂದಲೂ ಇತ್ತು.

ದುಬೈನಲ್ಲಿ ಪಾಕಿಸ್ತಾನಿ ಊಟ ಅಂದರೆ ಎಲ್ಲರೂ ತೋರಿಸುವುದು ಸತ್ವಾ ಬಡಾವಣೆಯ ರಾವಿ ಹೋಟೆಲ್. 1978ರಿಂದ ಇದೆ. 2022ರಲ್ಲಿ ಅಡಿಡಾಸ್ ಕಂಪನಿ ಅದರ ಹಸಿರು ಬಿಳಿ ಬಣ್ಣದಲ್ಲೇ ಒಂದು ಶೂ ಮಾಡಿತು ಅಂದರೆ ಹೆಸರು ಎಷ್ಟಿರಬೇಕು ಲೆಕ್ಕ ಹಾಕಿ. ಆದರೆ ಅಳಿಯ ನಮ್ಮನ್ನು ಕರೆದುಕೊಂಡು ಹೋಗಿದ್ದು ಅಲ್ಲಿಗಲ್ಲ, ದೇರಾ ಅನ್ನುವ ಹಳೇ ಬಡಾವಣೆಯ ಒಂದು ಒಳಬೀದಿಗೆ. ಟ್ಯಾಕ್ಸಿ ಡ್ರೈವರ್‌ಗಳು, ಗೋದಾಮು ಕೆಲಸದವರು ಬರುವ ಹೋಟೆಲ್. ಒಂದೆರಡು ತಕರಾರು ಹೇಳುವುದಿದೆ, ಆದ್ದರಿಂದ ಹೆಸರು ಬರೆಯುವುದಿಲ್ಲ. ಆ ಬೀದಿಯಲ್ಲಿ ಅಂಥ ಹೋಟೆಲ್‌ಗಳೇ ಸಾಲಾಗಿವೆ, ಯಾವುದಕ್ಕೆ ಹೊಕ್ಕರೂ ಮೆನು ಹೆಚ್ಚುಕಮ್ಮಿ ಇದೇ.

ಕೆಳಗೆ ಗಂಡಸರ ಗದ್ದಲ, ಜೋರಾಗಿ ಟಿ.ವಿ.ಯಲ್ಲಿ ಕ್ರಿಕೆಟ್. ಮೇಲೆ ಫ್ಯಾಮಿಲಿಯವರಿಗೆ ಪರದೆ ಹಾಕಿದ ಚಿಕ್ಕ ಚಿಕ್ಕ ಕ್ಯಾಬಿನ್. ಅಲ್ಲಿ ಎ.ಸಿ. ಇತ್ತು, ತಂಪು ಇರಲಿಲ್ಲ. ಮೇಜಿನ ಮೇಲಿನ ಪ್ಲಾಸ್ಟಿಕ್ ಹಾಳೆ ಅಂಟಂಟು, ಹೇಳಿ ಒರೆಸಿಸಿಕೊಂಡೆವು. ಕೂತ ಕೂಡಲೇ ಕೇಳದೆಯೇ ಸೌತೆಕಾಯಿ, ಈರುಳ್ಳಿ, ಪುದೀನ ಹಾಕಿದ ಮೊಸರು ತಂದಿಟ್ಟರು. ಅದಕ್ಕೆ ಬಿಲ್ಲಿಲ್ಲ.

ಆರ್ಡರ್ ತಗೊಳ್ಳಲು ಬಂದವರು ಪಾಕಿಸ್ತಾನದ ಸರ್ಗೋಧಾ ಕಡೆಯವರು, ಐವತ್ತು ದಾಟಿರಬೇಕು. ನಮ್ಮ ದಾವಣಗೆರೆ ಹಿಂದಿ ಅವರಿಗೆ ಆರಾಮಾಗಿ ತಿಳಿಯಿತು. ಬೆಂಗಳೂರು ಕಡೆಯವರು ಅಂದದ್ದೇ ತಡ, ‘ವೆಂಕಟೇಶ್ ಪ್ರಸಾದ್!’ ಅಂದು ತಲೆ ಮೇಲೆ ಕೈ ಇಟ್ಟುಕೊಂಡರು. 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಆಮೀರ್ ಸೊಹೈಲ್ ಪ್ರಸಾದ್ ಬಾಲ್‌ಗೆ ಬೌಂಡರಿ ಹೊಡೆದು ಬ್ಯಾಟು ತೋರಿಸಿದ್ದು, ಮುಂದಿನ ಬಾಲ್‌ಗೇ ಸ್ಟಂಪ್ ಹಾರಿದ್ದು ಅವರಿಗೆ ಇನ್ನೂ ಸಂಕಟ. ನಮ್ಮೂರಿಂದಲೂ ಒಬ್ಬ ಬೌಲರ್ ಇಂಡಿಯಾಗೆ ಆಡಿದ್ದಾನೆ, ವಿನಯ್ ಕುಮಾರ್ ಅಂತ, ಎಂದು ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಇರಲಿ.

ಒಂದು ಮುಖ್ಯ ವಿಷಯ. ನಿಹಾರಿ ಸಾರು, ಚಪ್ಪಟೆಯಾಗಿ ತಟ್ಟಿದ ಚಪ್ಲಿ ಕಬಾಬ್, ಗೋಧಿ ಮಾಂಸ ಕಲಸಿ ಬೇಯಿಸಿದ ಹಲೀಮ್ ಇವನ್ನೆಲ್ಲ ಹೆಚ್ಚಾಗಿ ಬೀಫ್‌ನಲ್ಲೇ ಮಾಡುತ್ತಾರೆ. ತಿನ್ನದವರು ಮೊದಲೇ ಕೇಳಿ. ನಾವು ಕೇಳಿದೆವು. ಆ ಮನುಷ್ಯ ಯಾವ ಮುಖವೂ ಮಾಡದೆ ಯಾವುದು ಮಟನ್, ಯಾವುದು ಚಿಕನ್ ಅಂತ ಮೆನು ಮೇಲೆ ಬೆರಳಿಟ್ಟು ತೋರಿಸಿದರು.

ಈಗ ಕಡಾಯಿ, ಅಂದರೆ ಬಾಣಲೆಯಲ್ಲೇ ಮಾಡಿ ಬಾಣಲೆಯಲ್ಲೇ ಬಡಿಸುವ ಮಾಂಸದ ಅಡುಗೆ. ಇದಕ್ಕೋಸ್ಕರವೇ ಈ ಬರಹ. ಅದನ್ನು ಪ್ಲೇಟ್ ಲೆಕ್ಕದಲ್ಲಿ ಕೊಡುವುದಿಲ್ಲ, ತೂಕದಲ್ಲಿ ಹೇಳಬೇಕು: ಅರ್ಧ ಕೇಜಿ, ಒಂದು ಕೇಜಿ. ಹೇಳಿದ ಮೇಲೆಯೇ ಒಲೆ ಮೇಲೆ ಇಡುತ್ತಾರೆ, ಮುಕ್ಕಾಲು ಗಂಟೆ ಕಾಯಬೇಕು. ಕೆಳಗೆ ಅಡುಗೆಮನೆಗೆ ಗಾಜು ಹಾಕಿದ್ದರು. ನಾನು ಕ್ಯಾಬಿನ್ ಬಿಟ್ಟು ಇಳಿದು ಹೋಗಿ ಅಲ್ಲೇ ನಿಂತೆ.

ಕಬ್ಬಿಣದ ಬಾಣಲೆಗೆ ಕೊಬ್ಬು ಬಿತ್ತು. ಅದರ ಮೇಲೆ ಸಣ್ಣ ಸಣ್ಣ ಮಟನ್ ತುಂಡು, ಉಪ್ಪು. ಮಾಂಸ ನೀರು ಬಿಟ್ಟು, ಆ ನೀರು ಇಂಗಿ, ಬಣ್ಣ ತಿರುಗುವ ತನಕ ಜೋರು ಉರಿ. ಆಮೇಲೆ ಟೊಮೆಟೊ. ಹೆಚ್ಚಲಿಲ್ಲ, ರುಬ್ಬಲಿಲ್ಲ. ಅಡುಗೆಯವನು ಎರಡೆರಡು ಹೋಳು ಮಾಡಿ ಮಾಂಸದ ಮೇಲೆ ಬೋರಲು ಜೋಡಿಸಿ ಮುಚ್ಚಳ ಮುಚ್ಚಿದ. ಸ್ವಲ್ಪ ಹೊತ್ತಾದ ಮೇಲೆ ತೆಗೆದು ನೋಡಿದರೆ ಸಿಪ್ಪೆಯೆಲ್ಲ ಸುಕ್ಕಾಗಿ ಮೇಲೆದ್ದಿದೆ. ಇಕ್ಕಳದಲ್ಲಿ ಒಂದೊಂದೇ ಸಿಪ್ಪೆ ಹಿಡಿದು ಎಳೆದು ಪಕ್ಕಕ್ಕೆ ಹಾಕಿದ. ಕೈ ಎಷ್ಟು ಚುರುಕು ಅಂದರೆ ಒಂದೇ ಒಂದು ಚೂರು ಸಿಪ್ಪೆ ಬಾಣಲೆಯಲ್ಲಿ ಉಳಿಯಲಿಲ್ಲ. ಸೌಟಿನ ಬೆನ್ನಿಂದ ಟೊಮೆಟೊ ಹಿಸುಕಿ, ಎಣ್ಣೆ ಬಿಡುವ ತನಕ ಕೈಯಾಡಿಸಿದ. ಕೊನೆಗೆ ಸೀಳಿದ ಹಸಿಮೆಣಸಿನಕಾಯಿ, ಶುಂಠಿ ಎಳೆ, ಕುಟ್ಟಿದ ಕಾಳುಮೆಣಸು. ಅಷ್ಟೇ! ಈರುಳ್ಳಿ ಇಲ್ಲ, ಒಣಕೊಬ್ಬರಿ ಇಲ್ಲ, ಗಸಗಸೆ ಇಲ್ಲ, ಚಕ್ಕೆ ಲವಂಗವೂ ಇಲ್ಲ. ಅದೇ ಬಾಣಲೆಯನ್ನು ಕುದಿಯುತ್ತಿರುವಾಗಲೇ ತಂದು ಮೇಜಿನ ಮೇಲಿಟ್ಟರು.

ಇದು ಪೇಶಾವರದ ಕಡೆಯ ಕ್ರಮ. ಇನ್ನೂ ಆಚೆ, ಖೈಬರ್ ಕಣಿವೆಯ ಲಂಡಿಕೋತಲ್‌ನಿಂದ ಬಂದ ಶಿನ್ವಾರಿ ಬುಡಕಟ್ಟಿನವರ ಅಡುಗೆಯಲ್ಲೂ ಹೀಗೇ, ಮಸಾಲೆ ಅಂದರೆ ಉಪ್ಪು, ಹಸಿಮೆಣಸಿನಕಾಯಿಯ ಲೆಕ್ಕ. ಬಾಯಿಗಿಟ್ಟರೆ ಮೊದಲು ಟೊಮೆಟೊ ಹುಳಿ, ಆಮೇಲೆ ಕಾಳುಮೆಣಸಿನ ಖಾರ, ಕೊನೆಗೆ ಪೂರ್ತಿ ಮಾಂಸದ ರುಚಿಯೇ. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು ಹೇಳುತ್ತೇನೆ: ಮಸಾಲೆ ಹೆಚ್ಚಾದಷ್ಟೂ ಮಾಂಸದ ದೋಷ ಮುಚ್ಚಿಹೋಗುತ್ತದೆ. ಬಲಿತ ಕುರಿ ಬಂದರೆ ನಾವು ಇನ್ನೊಂದು ಹಿಡಿ ಕೊಬ್ಬರಿ ರುಬ್ಬುತ್ತೇವೆ. ಈ ಕಡಾಯಿಯಲ್ಲಿ ಆ ಆಟ ನಡೆಯುವುದಿಲ್ಲ. ಎಳೆ ಮಾಂಸ ಇಲ್ಲದಿದ್ದರೆ ಮೊದಲ ತುತ್ತಿಗೇ ಬಣ್ಣ ಬಯಲು. ಇವರದ್ದು ಎಳೆಯದೇ ಇತ್ತು.

ನನ್ನ ಹೆಂಡತಿಗೆ ಮಾತ್ರ ಹಿಡಿಸಲಿಲ್ಲ. ‘ಮಸಾಲೆ ಹಾಕೋದು ಮರೆತಿದ್ದಾರೆ ಅನ್ಸುತ್ತೆ ರೀ’ ಅಂದಳು. ಅವಳ ಮಾತನ್ನೂ ಬರೆದಿದ್ದೇನೆ, ಯಾಕಂದರೆ ನಿಮ್ಮಲ್ಲಿ ಅರ್ಧ ಜನ ಅವಳ ಕಡೆಯೇ ಇರುತ್ತೀರಿ. ಅವಳಿಗೆ ಹಿಡಿಸಿದ್ದು ಮಟನ್ ನಿಹಾರಿ. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯಿಸಿದ ಕಾಲಿನ ಮಾಂಸ. ಸೋಂಪು, ಒಣಶುಂಠಿಯ ಘಮ. ಸಾರು ಗಟ್ಟಿಯಾಗಲು ಗೋಧಿ ಹಿಟ್ಟು ಕದಡಿ ಹಾಕುತ್ತಾರೆ. ಮೇಲೆ ಒಂದು ಪದರ ಕೆಂಪು ಕೊಬ್ಬು, ಪಕ್ಕದಲ್ಲಿ ಶುಂಠಿ, ಹಸಿಮೆಣಸಿನಕಾಯಿ, ನಿಂಬೆಹಣ್ಣು. ಹಳೇ ದೆಹಲಿಯ ಬೆಳಗಿನ ತಿಂಡಿ ಇದು. 1947ರಲ್ಲಿ ಗಡಿ ದಾಟಿದ ದೆಹಲಿಯವರು ಕರಾಚಿಗೆ ಒಯ್ದರು, ಈಗ ಅಲ್ಲಿನ ಬರ್ನ್ಸ್ ರೋಡ್ ನಿಹಾರಿಗೇ ಹೆಸರುವಾಸಿ. ಮೂಳೆಯಿಂದ ಮಾಂಸ ತಾನಾಗಿ ಜಾರುತ್ತಿತ್ತು. ಜೊತೆಗೆ ಎಳ್ಳು ಉದುರಿಸಿದ ರೋಗ್ನಿ ನಾನ್. ನಿಂಬೆಹಣ್ಣು ಹಿಂಡದೆ ತಿನ್ನಬೇಡಿ, ಜಿಡ್ಡು ನಾಲಿಗೆಗೆ ಹತ್ತುತ್ತದೆ.

ಅಳಿಯನ ಗೆಳೆಯ, ನಮ್ಮೂರಿನ ಪಿ.ಜೆ. ಬಡಾವಣೆ ಹುಡುಗ, ಪೂರ್ತಿ ಸಸ್ಯಾಹಾರಿ. ‘ಅಂಕಲ್, ನಾನು ಸುಮ್ನೆ ಜೊತೆಗೆ ಕೂರ್ತೀನಿ, ಟೀ ಸಾಕು’ ಅಂದಿದ್ದ. ಅವನಿಗೆ ದಾಲ್ ಮಾಶ್ ಹೇಳಿದೆವು. ಅದೇ ನಮ್ಮ ಉದ್ದಿನ ಬೇಳೆ. ನಾವು ಉದ್ದು ಕಂಡರೆ ನೆನೆಹಾಕಿ ರುಬ್ಬುವ ಜನ, ದೋಸೆಗೋ ವಡೆಗೋ. ಬಿಟ್ಟರೆ ಒಗ್ಗರಣೆಗೆ. ಇವರು ಬೇಳೆ ಹದವಾಗಿ ಬೆಂದ ಕೂಡಲೇ ನೀರು ಬಸಿದು, ಈರುಳ್ಳಿ, ಟೊಮೆಟೊ, ಶುಂಠಿಯ ಜೊತೆ ಹುರಿಯುತ್ತಾರೆ. ಬೇಳೆ ಒಂದೊಂದೂ ಮಲ್ಲಿಗೆ ಮೊಗ್ಗಿನ ಹಾಗೆ ಬಿಡಿಬಿಡಿಯಾಗಿ ನಿಂತಿತ್ತು. ಲೋಳೆ ಇಲ್ಲ. ನಾನು ಅವನ ತಟ್ಟೆಯಿಂದ ಎರಡು ಸಲ ತೆಗೆದುಕೊಂಡೆ. ಸಸ್ಯಾಹಾರಿಗಳಿಗೆ ಬೆಂಡೆಕಾಯಿ, ಪಾಲಕ್ ಪಲ್ಯಗಳೂ ಇವೆ. ಆದರೆ ಒಂದೇ ಅಡುಗೆಮನೆ, ಮಡಿ ಮೈಲಿಗೆ ನೋಡುವವರಿಗೆ ಆಗಿಬರುವುದಿಲ್ಲ.

ಚಪ್ಲಿ ಕಬಾಬ್ ಚಿಕನ್‌ದು ಹೇಳಿದ್ದೆವು, ಅದರಲ್ಲಿ ಎಣ್ಣೆ ಸೋರುತ್ತಿತ್ತು. ಜಜ್ಜಿದ ಧನಿಯಾ, ಒಣ ದಾಳಿಂಬೆ ಬೀಜ ಬಾಯಿಗೆ ಸಿಗುವುದು ಚೆಂದ, ಆದರೂ ಇನ್ನೊಂದು ಸಲ ಹೇಳುವಂಥದ್ದಲ್ಲ. ಬಿರಿಯಾನಿ ಬಗ್ಗೆ ಮಾತು ಬೇಡ ಅಂದುಕೊಂಡಿದ್ದೆ. ಕರಾಚಿ ಕ್ರಮದ್ದು, ಆಲೂಗಡ್ಡೆ, ಹುಳಿ ಹುಳಿ ಒಣ ಆಲೂಬುಖಾರಾ ಹಣ್ಣು ಎಲ್ಲ ಇತ್ತು. ಅಕ್ಕಿ ಮಾತ್ರ ಒಣಗಿಹೋಗಿತ್ತು, ಮಧ್ಯಾಹ್ನದ್ದೇ ಇರಬೇಕು. ನಮ್ಮ ಆಜಾದ್ ನಗರದ ಮದುವೆ ಮನೆಯಲ್ಲಿ ದಾಲ್ಚಾ ಸುರಿದು ಬಡಿಸುವ ಬಿರಿಯಾನಿ ತಿಂದವರು ಇದಕ್ಕೆ ದುಡ್ಡು ಹಾಕಬೇಡಿ.

ಕೊನೆಗೆ ದೂಧ್ ಪತ್ತಿ. ಹನಿ ನೀರಿಲ್ಲದೆ ಬರೀ ಹಾಲಲ್ಲಿ ಟೀ ಪುಡಿ ಕುದಿಸಿದ ಚಹಾ. ಒಳ್ಳೆಯದು, ಆದರೆ ಅಷ್ಟು ಊಟದ ಮೇಲೆ ಭಾರ. ಏಲಕ್ಕಿ ಹಾಕಿದ ಹಸಿರು ಕಹ್ವಾ ಹೇಳಿದ ನನ್ನ ಮಗಳೇ ಜಾಣೆ.

ಐದು ಜನಕ್ಕೆ 160 ದಿರ್ಹಮ್ ಹತ್ತಿರ ಆಯಿತು. ಆಗ ದಿರ್ಹಮ್‌ಗೆ 23-24 ರೂಪಾಯಿ ಇತ್ತು, ಆ ಲೆಕ್ಕಕ್ಕೆ ನಾಲ್ಕು ಸಾವಿರದ ಒಳಗೆ. ಮಾಲ್‌ಗಳಲ್ಲಿ ಆ ದುಡ್ಡಿಗೆ ಇಬ್ಬರ ಹೊಟ್ಟೆ ತುಂಬುವುದೂ ಕಷ್ಟ. ಕಾರು ತಗೊಂಡು ಹೋಗಬೇಡಿ, ದೇರಾದಲ್ಲಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಹಸಿವೇ ಹೋಗಿರುತ್ತದೆ. ಯೂನಿಯನ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ನಡೆಯಿರಿ. ಬರ್ ದುಬೈ ಕಡೆಯಿಂದ ಬರುವವರಾದರೆ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ನಡುವಿನ ಖಾರಿ, ಅಂದರೆ ದುಬೈ ಕ್ರೀಕ್, ದಾಟಿ. ನಾಲ್ಕು ಜನಕ್ಕೆ ಅರ್ಧ ಕೇಜಿ ಕಡಾಯಿ, ಒಂದು ನಿಹಾರಿ, ಒಂದು ದಾಲ್ ಮಾಶ್ ಸಾಕು. ರೊಟ್ಟಿಯನ್ನು ಕಡಾಯಿ ಜೊತೆಗೇ ಹೇಳಿಬಿಡಬೇಡಿ, ಅದು ಮೊದಲೇ ಬಂದು ಕೂತು ಬಿರುಸಾಗುತ್ತದೆ. ಬಾಣಲೆ ಮೇಜಿಗೆ ಬಂದ ಮೇಲೆ ಎರಡೆರಡೇ ತರಿಸಿಕೊಳ್ಳಿ.